ಒಂದು ಕಿವಿ ಮೂಕವಾದಾಗ

ನಿನ್ನೆಯ ತನಕ ಎರಡು ಕಿವಿಗಳಿಗೂ ಸಮನಾಗಿ ಹಾಡುತ್ತಿದ್ದ ಹೆಡ್‌ಫೋನು ಇಂದು ಒಂದೇ ಕಿವಿಗೆ ಕೇಳಿಸುತ್ತದೆ. ತಂತಿಯನ್ನು ಕೊಂಚ ತಿರುಚಿ ಹಿಡಿದರೆ ಇನ್ನೊಂದು ಕಿವಿಯಲ್ಲಿಯೂ ಧ್ವನಿ ಮೂಡಿ, ಕೈ ಬಿಟ್ಟೊಡನೆ ಮತ್ತೆ ಅಡಗುತ್ತದೆ. ಇಷ್ಟಾದ ಮೇಲೆ ಆ ಉಪಕರಣವು ಮೇಜಿನ ಖಾನೆಯನ್ನು ಸೇರಿ, ಮುಂದೆ ಯಾವುದೋ ಹಬ್ಬದ ಹಿಂದಿನ ದಿನ ಮನೆಯನ್ನು ಚೊಕ್ಕಟ ಮಾಡುವಾಗ ಕಸದ ರಾಶಿಗೆ ಹೋಗುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಹೀಗೆ ಎಸೆಯಲ್ಪಡುವ ಹೆಡ್‌ಫೋನು ತಂತಿಯುಳ್ಳದ್ದಾದರೆ, ಧ್ವನಿಯನ್ನು ಹುಟ್ಟಿಸುವ ಅಯಸ್ಕಾಂತ, ಸುರುಳಿ, ಪೊರೆಗಳೆಲ್ಲವೂ ಬಹುತೇಕ ಸುಸ್ಥಿತಿಯಲ್ಲಿಯೇ ಇದ್ದು, ಕೆಟ್ಟಿರುವುದು ಪಿನ್ನಿನ ಕೊರಳಿನ ಬಳಿ ತುಂಡಾಗಿರುವ ತಾಮ್ರದ ಕೆಲವು ಸಣ್ಣ ಎಳೆಗಳು ಮಾತ್ರ ಎಂಬುದನ್ನು ಬಲ್ಲವರಿಗೆ ಈ ವಾಡಿಕೆಯು ವ್ಯಥೆಯನ್ನುಂಟುಮಾಡದೆ ಇರದು.

ದುರಸ್ತಿಯೆಂದೊಡನೆ ನಮ್ಮ ಕೈ ಸ್ಕ್ರೂಡ್ರೈವರನ್ನು ಅರಸುತ್ತದೆ. ಹೆಡ್‌ಫೋನಿನ ವಿಷಯದಲ್ಲಿ ಈ ಆತುರವು ಹಿತಕರವಲ್ಲ. ಇತರ ಯಂತ್ರಗಳು ಕೆಟ್ಟಾಗ ಬಹುಮಟ್ಟಿಗೆ ಸುಮ್ಮನಾಗಿಬಿಡುತ್ತವೆ. ಹೆಡ್‌ಫೋನಾದರೋ ಕೆಟ್ಟ ಮೇಲೆಯೂ ತನ್ನ ವ್ಯಾಧಿಯನ್ನು ಶಬ್ದರೂಪದಲ್ಲಿಯೇ ನಿವೇದಿಸುತ್ತಿರುತ್ತದೆ. ತುಂಡಾದ ತಂತಿಯ ಶಬ್ದ ಬೇರೆ, ಕಸ ತುಂಬಿದ ಜಾಲರಿಯ ಶಬ್ದ ಬೇರೆ, ಪೊರೆಗೆ ತಾಗಿದ ಕೂದಲಿನ ಶಬ್ದ ಬೇರೆ. ಈ ಭೇದಗಳನ್ನು ಸಾವಧಾನವಾಗಿ ಆಲಿಸಿ ಗುರುತಿಸಬಲ್ಲವನು, ಕತ್ತರಿಯನ್ನು ಎಲ್ಲಿ ಇಡಬೇಕೆಂಬುದನ್ನು ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ತಿಳಿದಿರುತ್ತಾನೆ. ಆದುದರಿಂದ ಈ ಕಾರ್ಯದಲ್ಲಿ ಪ್ರಥಮ ಸ್ಥಾನವು ಕಿವಿಗೆ, ದ್ವಿತೀಯ ಸ್ಥಾನವು ಕೈಗೆ.

ಆಲಿಸಿದ್ದನ್ನು ಅರ್ಥಮಾಡಿಕೊಳ್ಳಬೇಕಾದರೆ ಧ್ವನಿಯು ಅಲ್ಲಿ ಹುಟ್ಟುವ ಕ್ರಮವನ್ನು ಅರಿತಿರಬೇಕು. ಒಂದು ಅಯಸ್ಕಾಂತ, ಅದರ ಬಲಕ್ಷೇತ್ರದಲ್ಲಿ ತೂಗಿನಿಂತ ಸೂಕ್ಷ್ಮವಾದ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಕೊಂಡ, ದಪ್ಪವನ್ನು ಮೈಕ್ರಾನುಗಳಲ್ಲಿ ಅಳೆಯಬೇಕಾದಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆ — ಇಷ್ಟೇ ಅದರ ಸಾಮಗ್ರಿ. ಸಂಗೀತದ ಏರಿಳಿತಗಳಿಗೆ ಅನುಸಾರವಾಗಿ ಬದಲಾಗುವ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಸುರುಳಿಯು ಹಿಂದೆ ಮುಂದೆ ಚಲಿಸಿ, ತನ್ನೊಡನೆ ಪೊರೆಯನ್ನೂ ಚಲಿಸುವಂತೆ ಮಾಡಿ, ಪೊರೆಯು ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ಅಮೆರಿಕದ ಯೂಟಾ ಪ್ರಾಂತದ ನಥೇನಿಯಲ್ ಬಾಲ್ಡ್‌ವಿನ್ ಎಂಬವರು ೧೯೧೦ರಲ್ಲಿ ತಮ್ಮ ಮನೆಯ ಅಡಿಗೆಕೋಣೆಯಲ್ಲಿಯೇ ಹೆಡ್‌ಫೋನುಗಳನ್ನು ಕೈಯಿಂದ ತಯಾರಿಸಿ ಅಲ್ಲಿನ ನೌಕಾಪಡೆಗೆ ಒದಗಿಸಿದರು. ಅವರ ಉಪಕರಣದ ಒಳರಚನೆಯು ಇಂದಿನದಕ್ಕಿಂತ ಭಿನ್ನವಾಗಿತ್ತೆಂಬುದು ನಿಜ. ಆದರೆ ಅಡಿಗೆಕೋಣೆಯ ಮೇಜಿನ ಮೇಲೆ ಹುಟ್ಟಬಲ್ಲ ವಸ್ತುವು ಅಡಿಗೆಕೋಣೆಯ ಮೇಜಿನ ಮೇಲೆಯೇ ಸರಿಹೋಗಬಲ್ಲದೆಂಬ ಧೈರ್ಯವನ್ನು ಆ ವೃತ್ತಾಂತವು ನನಗೆ ಕೊಡುತ್ತದೆ. ಚಲಿಸುವ ಸುರುಳಿಯ ಹೆಡ್‌ಫೋನನ್ನು ಜರ್ಮನಿಯ ಬೇಯರ್ ಸಂಸ್ಥೆಯು ೧೯೩೭ರಲ್ಲಿ ಮಾರುಕಟ್ಟೆಗೆ ತಂದಿತು. ಎರಡು ಕಿವಿಗಳಿಗೆ ಎರಡು ಭಿನ್ನ ಧ್ವನಿವಾಹಿನಿಗಳನ್ನು ಕೊಡುವ ಸ್ಟೀರಿಯೋ ಹೆಡ್‌ಫೋನು ೧೯೫೮ರಲ್ಲಿ ಮಿಲ್ವಾಕಿ ನಗರದ ಜಾನ್ ಕಾಸ್ ಅವರ ಮೂಲಕ ಸಂಗೀತಪ್ರಿಯರ ಮನೆಗಳನ್ನು ಹೊಕ್ಕಿತು. ಅಂದಿನಿಂದ ಇಂದಿನವರೆಗೆ ಲೋಹಗಳೂ ಪ್ಲಾಸ್ಟಿಕ್ಕುಗಳೂ ಎಷ್ಟೋ ಬದಲಾಗಿದ್ದರೂ ಮೂಲತತ್ತ್ವವು ಬದಲಾಗಿಲ್ಲ.

ಮೊದಲು ನಿರ್ಣಯಿಸಬೇಕಾದದ್ದು ದೋಷವು ಹೆಡ್‌ಫೋನಿನದೋ ಅಥವಾ ಅದಕ್ಕೆ ಧ್ವನಿಯನ್ನು ಕಳುಹಿಸುವ ಫೋನು ಅಥವಾ ಗಣಕಯಂತ್ರದ್ದೋ ಎಂಬುದು. ಅದೇ ಹೆಡ್‌ಫೋನನ್ನು ಬೇರೊಂದು ಯಂತ್ರಕ್ಕೂ, ಬೇರೊಂದು ಹೆಡ್‌ಫೋನನ್ನು ಅದೇ ಯಂತ್ರಕ್ಕೂ ಜೋಡಿಸಿ ನೋಡಿದರೆ ಈ ಪ್ರಶ್ನೆಯು ಕ್ಷಣಾರ್ಧದಲ್ಲಿ ಇತ್ಯರ್ಥವಾಗುತ್ತದೆ. ಆದರೂ ಈ ಸಣ್ಣ ಪರೀಕ್ಷೆಯನ್ನು ಮಾಡದೆ ಒಳ್ಳೆಯ ತಂತಿಗಳನ್ನು ಕತ್ತರಿಸಿದವರು ಅನೇಕರು. ಫೋನಿನ ಸೆಟ್ಟಿಂಗುಗಳಲ್ಲಿ ಎಡ ಬಲಗಳ ಧ್ವನಿಪ್ರಮಾಣವನ್ನು ಹೊಂದಿಸುವ ಒಂದು ಗೆರೆಯುಂಟು. ಅರಿಯದೆ ಬೆರಳು ತಾಗಿ ಅದು ಒಂದು ಬದಿಗೆ ಸರಿದಿದ್ದರೆ ಒಂದು ಕಿವಿಯು ಪೂರ್ಣ ಮೌನವಾಗುವುದು ಸಹಜ. ಇದಕ್ಕಿಂತಲೂ ಹೆಚ್ಚಾಗಿ ಕಾಣುವ ಕಾರಣವೆಂದರೆ ಫೋನಿನ ರಂಧ್ರದೊಳಗೆ ಸೇರಿಕೊಂಡ ಜೇಬಿನ ನೂಲು ಮತ್ತು ಧೂಳು. ಪಿನ್ನನ್ನು ತುರುಕುವ ಪ್ರತಿಸಲವೂ ಆ ಕಸವು ರಂಧ್ರದ ತಳಕ್ಕೆ ಒತ್ತಲ್ಪಟ್ಟು ಗಟ್ಟಿಯಾಗಿ, ಕೊನೆಗೆ ಪಿನ್ನು ತನ್ನ ಸ್ಥಾನದವರೆಗೆ ಹೋಗಿ ‘ಟಕ್’ ಎಂದು ಕೂಡದೆ ತುಸು ಹೊರಗೆಯೇ ನಿಲ್ಲುತ್ತದೆ. ಫೋನನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೃದುವಾಗಿ ಕೆದಕಿ ಆ ಕಸವನ್ನು ತೆಗೆದೊಡನೆ ಹೆಡ್‌ಫೋನು ಸರಿಯಾಗುವುದು ಅಪರೂಪವೇನಲ್ಲ. ಲೋಹದ ಸೂಜಿಯನ್ನು ಅಲ್ಲಿ ಬಳಸತಕ್ಕದ್ದಲ್ಲ. ಒಳಗಿರುವ ಸ್ಪ್ರಿಂಗಿನಂಥ ಪಟ್ಟಿಗಳು ಬಾಗಿದರೆ ಫೋನೇ ದುರಸ್ತಿಗೆ ಹೋಗಬೇಕಾದೀತು. ಪಿನ್ನಿನ ಮೇಲ್ಮೈ ಮಂಕಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಸಾಕು.

ಇಷ್ಟರಿಂದಲೂ ಗುಣ ಕಾಣದಿದ್ದರೆ ಆಗ ಆಲಿಸುವ ಕೆಲಸ. ತಂತಿಯನ್ನು ಅಲುಗಿಸಿದಾಗ ‘ಕರಕರ’ ಎನ್ನುತ್ತ ಒಂದು ಬದಿಯ ಧ್ವನಿಯು ಬಂದು ಹೋಗುತ್ತಿದ್ದರೆ ಆ ಬದಿಯ ತಂತಿಯು ಎಲ್ಲಿಯೋ ತುಂಡಾಗಿ, ತುಂಡಾದ ತುದಿಗಳು ಒಂದನ್ನೊಂದು ಆಗಾಗ ತಾಗುತ್ತಿವೆಯೆಂದು ತಿಳಿಯಬಹುದು. ಇದು ಎಲ್ಲರಿಗೂ ಪರಿಚಿತವಾದ ಲಕ್ಷಣ. ಆದರೆ ಇನ್ನೊಂದು ಲಕ್ಷಣವುಂಟು. ಅದನ್ನು ಮೊದಲ ಸಲ ಕೇಳಿದವರು ದಿಗ್ಭ್ರಾಂತರಾಗುತ್ತಾರೆ. ಎರಡು ಕಿವಿಗಳಿಗೂ ಧ್ವನಿ ಬರುತ್ತಿರುತ್ತದೆ, ಪಿಟೀಲುಗಳೂ ತಾಳವಾದ್ಯಗಳೂ ಕೇಳಿಸುತ್ತಿರುತ್ತವೆ. ಆದರೆ ಗಾಯಕನ ಕಂಠವು ಮಾತ್ರ ಎಲ್ಲಿಯೋ ದೂರದ ಬಾವಿಯೊಳಗಿನಿಂದಲೋ ಎಂಬಂತೆ ಕ್ಷೀಣಿಸಿ, ಅದರ ಅನುರಣನ ಮಾತ್ರ ಉಳಿದಿರುತ್ತದೆ. ಹಾಡಿನಿಂದ ಹಾಡುಗಾರನನ್ನೇ ತೆಗೆದುಬಿಡುವ ಈ ವಿಚಿತ್ರವು ಒಂದು ನಿಶ್ಚಿತವಾದ ದೋಷದ ಸೂಚನೆ: ಎರಡು ಕಿವಿಗಳಿಗೂ ಸಮಾನವಾದ ಮರುಹಾದಿಯ ತಂತಿಯು, ಅಂದರೆ ಅರ್ಥ್ ಅಥವಾ ಗ್ರೌಂಡ್ ಎಂದು ಕರೆಯುವ ತಂತಿಯು, ತುಂಡಾಗಿದೆ.

ಇದರ ಕಾರಣವು ಮನನಯೋಗ್ಯವಾದದ್ದು. ಎಡ ಬಲಗಳಿಗೆ ವಿದ್ಯುತ್ತು ಬೇರೆ ಬೇರೆ ತಂತಿಗಳಲ್ಲಿ ಬಂದರೂ, ಎರಡು ಗದ್ದೆಗಳಿಗೆ ಎರಡು ಕಾಲುವೆಗಳಿಂದ ಬಂದ ನೀರು ಒಂದೇ ತೋಡಿನಲ್ಲಿ ಹೊರಹೋಗುವಂತೆ, ಹಿಂದಿರುಗುವ ದಾರಿಯು ಎರಡಕ್ಕೂ ಒಂದೇ. ಆ ದಾರಿಯು ಕಡಿದುಹೋದಾಗ ಎಡಗಡೆಯ ವಿದ್ಯುತ್ತಿಗೆ ಬಲಗಡೆಯ ಸುರುಳಿಯ ಮೂಲಕವಲ್ಲದೆ ಬೇರೆ ಗತಿಯಿಲ್ಲ. ಎರಡು ಸುರುಳಿಗಳೂ ಸರಣಿಯಲ್ಲಿ ಸೇರಿ, ಅವುಗಳ ಮೂಲಕ ಹರಿಯುವುದು ಎಡ ಬಲ ಧ್ವನಿಗಳ ವ್ಯತ್ಯಾಸ ಮಾತ್ರ. ಸ್ಟೀರಿಯೋ ಮುದ್ರಣದಲ್ಲಿ ಗಾಯಕನ ಧ್ವನಿಯನ್ನು ಸಾಮಾನ್ಯವಾಗಿ ಎರಡು ವಾಹಿನಿಗಳಲ್ಲಿಯೂ ಸಮಪ್ರಮಾಣದಲ್ಲಿ ಇಟ್ಟಿರುತ್ತಾರಾಗಿ ವ್ಯತ್ಯಾಸದಲ್ಲಿ ಅದು ಲೋಪವಾಗುತ್ತದೆ. ಒಂದೊಂದು ಪಕ್ಕಕ್ಕೆ ಸರಿಸಿಟ್ಟ ವಾದ್ಯಗಳು ಉಳಿಯುತ್ತವೆ. ಇದೇ ತರ್ಕವನ್ನು ಮುಂದುವರಿಸಿದರೆ, ಪಿ. ಕಾಳಿಂಗರಾಯರು ನಿಮಿಷಕ್ಕೆ ೭೮ ಸುತ್ತಿನ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಭಾವಗೀತೆಗಳಂಥ ಹಳೆಯ ಏಕವಾಹಿನಿಯ ಮುದ್ರಣಗಳನ್ನು ಇಂಥ ಹೆಡ್‌ಫೋನಿನಲ್ಲಿ ಹಾಕಿದಾಗ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲದಿರುವುದರಿಂದ ಹಾಡೇ ಬಹುಮಟ್ಟಿಗೆ ಮಾಯವಾಗಬೇಕು, ಆಗುತ್ತದೆ ಕೂಡ. ಹೊಸ ಹಾಡಿನಲ್ಲಿ ಕಂಠ ಕಾಣೆ, ಹಳೆಯ ಹಾಡಿನಲ್ಲಿ ಸರ್ವವೂ ಕಾಣೆ ಎಂದಾದರೆ ಗ್ರೌಂಡ್ ತಂತಿಯ ಹೊರತು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಪಿನ್ನು ಪೂರ್ಣವಾಗಿ ಒಳಗೆ ಹೋಗದಿದ್ದಾಗಲೂ ಇದೇ ಲಕ್ಷಣವು ತೋರಬಹುದಾದ್ದರಿಂದ ಅದನ್ನು ಮೊದಲೇ ಪರಿಶೀಲಿಸಿರಬೇಕು. ಮೈಕ್ ಇರುವ ಹೆಡ್‌ಫೋನುಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು. ನಾಲ್ಕು ಭಾಗಗಳ ಪಿನ್ನಿನಲ್ಲಿ ತುದಿಯಿಂದ ಕ್ರಮವಾಗಿ ಎಡ, ಬಲ, ಗ್ರೌಂಡ್, ಮೈಕ್ ಎಂಬುದು ಇಂದಿನ ರೂಢಿ; ಹಿಂದಿನ ಕೆಲವು ತಯಾರಿಕೆಗಳಲ್ಲಿ ಕೊನೆಯ ಎರಡು ಸ್ಥಾನಗಳು ಅದಲುಬದಲಾಗಿದ್ದುವು. ಹಳೆಯ ಕ್ರಮದ ಹೆಡ್‌ಫೋನನ್ನು ಹೊಸ ಫೋನಿಗೆ ಚುಚ್ಚಿದಾಗ ಕಂಠವು ಅಡಗಿದ್ದು, ತಂತಿಯ ಮೇಲಿರುವ ಗುಂಡಿಯನ್ನು ಒತ್ತಿಹಿಡಿದಾಗ ಮಾತ್ರ ಹಾಡು ತುಂಬಿ ಬಂದರೆ, ಅದು ರೋಗವೇ ಅಲ್ಲ, ಕೇವಲ ಹೊಂದಾಣಿಕೆಯ ಅಭಾವ. ಆ ಎರಡು ಸ್ಥಾನಗಳನ್ನು ಅದಲುಬದಲಿಸುವ ಒಂದು ಸಣ್ಣ ಅಡಾಪ್ಟರಿನಿಂದ ಅದು ನೇರ್ಪಡುತ್ತದೆ.

ಉಳಿದ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ಒಂದು ಬದಿಯ ಧ್ವನಿಯು ದಿನೇ ದಿನೇ ಮೆಲ್ಲಗಾಗುತ್ತ ಬಂದಿದ್ದರೆ, ಅದರಲ್ಲಿಯೂ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಜಾತಿಯದಾದರೆ, ಗುಗ್ಗೆಯು ಜಾಲರಿಯನ್ನು ಮುಚ್ಚಿದೆಯೆಂದೇ ಭಾವಿಸಬೇಕು. ಜಾಲರಿಯನ್ನು ಕೆಳಮುಖವಾಗಿ ಹಿಡಿದು ಒಣಗಿದ ಮೃದುವಾದ ಬ್ರಷ್ಷಿನಿಂದ ಉಜ್ಜಿದರೆ ಕಸವು ಒಳಗೆ ಬೀಳದೆ ಹೊರಗೆ ಉದುರುತ್ತದೆ. ಮಂದ್ರಸ್ವರಗಳು ಬಂದಾಗ ಮಾತ್ರ ‘ಝರ್ರ್’ ಎಂಬ ನಡುಕ ಕೇಳಿಸಿದರೆ, ಬಹಳ ಸಲ ತಲೆಗೂದಲೊಂದು ಜಾಲರಿಯನ್ನು ದಾಟಿ ಪೊರೆಗೆ ತಾಗುತ್ತಿರುತ್ತದೆ. ಮೆತ್ತೆಯನ್ನು ಬಿಚ್ಚಿ ಅದನ್ನು ಚಿಮುಟದಿಂದ ಹಿಡಿದು ತೆಗೆಯಬಹುದು. ಆದರೆ ಒಳಗಿನ ಅಯಸ್ಕಾಂತವು ಪ್ರಬಲವಾದದ್ದು, ಉಕ್ಕಿನ ಚಿಮುಟವನ್ನೋ ಸ್ಕ್ರೂಡ್ರೈವರಿನ ತುದಿಯನ್ನೋ ಫಕ್ಕನೆ ತನ್ನೆಡೆಗೆ ಸೆಳೆದು ಪೊರೆಯನ್ನು ತೂತುಮಾಡಿಸಿಬಿಡಬಲ್ಲದು ಎಂಬ ಎಚ್ಚರವಿರಬೇಕು. ಪ್ಲಾಸ್ಟಿಕ್ ಚಿಮುಟವೇ ಇಲ್ಲಿ ಶ್ರೇಯಸ್ಕರ. ಕೂದಲಿಲ್ಲದೆಯೂ ನಡುಕವು ಉಳಿದರೆ, ವಿಪರೀತ ಜೋರಾಗಿ ಹಾಡಿಸಿದ ಪರಿಣಾಮವಾಗಿ ಸುರುಳಿಯೇ ತನ್ನ ಸ್ಥಾನದಿಂದ ಕದಲಿ ಉಜ್ಜುತ್ತಿದೆಯೆಂದು ತಿಳಿದು, ಆ ಬದಿಯ ಡ್ರೈವರನ್ನೇ, ಅಂದರೆ ಅಯಸ್ಕಾಂತ, ಸುರುಳಿ, ಪೊರೆಗಳು ಕೂಡಿದ ಘಟಕವನ್ನೇ, ಬದಲಾಯಿಸಬೇಕಾಗುತ್ತದೆ.

ತಂತಿಯ ದೋಷಕ್ಕೆ ಹಿಂದಿರುಗೋಣ, ಏಕೆಂದರೆ ಮನೆಯಲ್ಲಿ ಸಾಧ್ಯವಾಗುವ ದುರಸ್ತಿಯ ಬಹುಭಾಗವು ಅದರದೇ. ತಾಮ್ರವು ಮೃದುವಾದ ಲೋಹವಾದರೂ ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಬಾಗಿದರೆ ಅಲ್ಲಿ ಗಡಸಾಗಿ, ದಣಿದು, ಎಳೆ ಎಳೆಯಾಗಿ ಕಡಿಯುತ್ತದೆ. ಗಟ್ಟಿಯಾದ ಪಿನ್ನು ಮೆದುವಾದ ತಂತಿಯನ್ನು ಸೇರುವ ಕೊರಳು, ಒಂದು ತಂತಿಯು ಎರಡಾಗಿ ಕವಲೊಡೆಯುವ ಗಂಟು, ತಂತಿಯು ಕಿವಿಬಟ್ಟಲನ್ನು ಹೊಗುವ ದ್ವಾರ — ಬಾಗುವಿಕೆಯೆಲ್ಲವೂ ಈ ಮೂರೆಡೆಗಳಲ್ಲಿ ಕೇಂದ್ರೀಕೃತವಾಗುವುದರಿಂದ ತುಂಡೂ ಅಲ್ಲಿಯೇ ಆಗುತ್ತದೆ. ಸಣ್ಣ ಧ್ವನಿಯಲ್ಲಿ ಹಾಡನ್ನು ಹಾಕಿಕೊಂಡು, ಪಿನ್ನಿನಿಂದ ಆರಂಭಿಸಿ ಅಂಗುಲ ಅಂಗುಲವಾಗಿ ತಂತಿಯನ್ನು ಎರಡು ಬೆರಳುಗಳ ನಡುವೆ ಬಾಗಿಸುತ್ತ ಹೋದರೆ ಯಾವ ಬಿಂದುವಿನಲ್ಲಿ ಧ್ವನಿಯು ಮಿಡಿಯುವುದೋ ಅಲ್ಲಿಯೇ ಗಾಯ. ಮಲ್ಟಿಮೀಟರ್ ಇದ್ದರೆ ಇನ್ನೂ ನಿಶ್ಚಯ. ಹೆಡ್‌ಫೋನಿನ ಮೇಲೆ ೩೨ ಓಮ್ ಎಂದು ಬರೆದಿದ್ದರೆ ಪಿನ್ನಿನ ತುದಿಗೂ ಗ್ರೌಂಡ್ ಭಾಗಕ್ಕೂ ನಡುವೆ ಅದಕ್ಕೆ ಸಮೀಪವಾದ ಸಂಖ್ಯೆಯು ಕಾಣಿಸಿ, ಕಡ್ಡಿಗಳನ್ನು ತಾಗಿಸಿದ ಕ್ಷಣದಲ್ಲಿ ಎಡಕಿವಿಯಲ್ಲಿ ‘ಟಿಕ್’ ಎಂಬ ಶಬ್ದವಾಗಬೇಕು. ನಡುವಣ ಉಂಗುರಕ್ಕೂ ಗ್ರೌಂಡಿಗೂ ನಡುವೆ ಬಲಕಿವಿಯದು ಹಾಗೆಯೇ. ಎರಡು ಅಳತೆಗಳಲ್ಲಿಯೂ ಮಾರ್ಗವು ಮುರಿದಂತೆ ತೋರಿ, ತುದಿಗೂ ಉಂಗುರಕ್ಕೂ ನಡುವೆ ಮಾತ್ರ ೬೪ರ ಆಸುಪಾಸಿನ ಸಂಖ್ಯೆ ಬಂದರೆ, ಕಂಠವು ಮಾಯವಾಗುವ ಆ ಲಕ್ಷಣವು ಅಂಕೆಗಳಲ್ಲಿ ದೃಢಪಟ್ಟಂತಾಯಿತು.

ಗಾಯವು ಪಿನ್ನಿನ ಕೊರಳಿನಲ್ಲಿದ್ದರೆ ಹಳೆಯ ಪಿನ್ನನ್ನು ಉಳಿಸುವ ಪ್ರಯತ್ನವು ವ್ಯರ್ಥ. ಅದು ಅಚ್ಚಿನಲ್ಲಿ ಎರಕವಾದದ್ದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಎಲೆಕ್ಟ್ರಾನಿಕ್ ಪೇಟೆಗಳಲ್ಲಿ ೩.೫ ಮಿಲಿಮೀಟರಿನ ಬಿಡಿ ಪಿನ್ನು ದೊರೆಯುತ್ತದೆ. ಹಳೆಯದರ ಮೇಲೆ ಎರಡು ಕಪ್ಪು ಪಟ್ಟಿಗಳಿದ್ದರೆ ಮೂರು ಭಾಗದ್ದನ್ನೂ, ಮೂರು ಪಟ್ಟಿಗಳಿದ್ದರೆ ನಾಲ್ಕು ಭಾಗದ್ದನ್ನೂ ಕೇಳಿ ತರಬೇಕು. ಜೊತೆಗೆ ೨೫ ವಾಟಿನ ಸಾಲ್ಡರಿಂಗ್ ಐರನ್, ರಾಳವಿರುವ ತೆಳುವಾದ ಬೆಸುಗೆಯ ತಂತಿ, ಕಾಯಿಸಿದರೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯ ತುಂಡು — ಇವಿಷ್ಟು ಸಾಕು. ಗಾಯಕ್ಕಿಂತ ಎರಡಂಗುಲ ಮೇಲೆ ತಂತಿಯನ್ನು ಕತ್ತರಿಸಿದೊಡನೆ, ಬೇರೇನನ್ನೂ ಮಾಡುವ ಮೊದಲು, ಹೊಸ ಪಿನ್ನಿನ ಹೊರಕವಚವನ್ನೂ ಕುಗ್ಗುವ ಕೊಳವೆಯನ್ನೂ ತಂತಿಗೆ ಪೋಣಿಸಿಬಿಡಬೇಕು; ಬೆಸುಗೆ ಮುಗಿದ ಮೇಲೆ ಅವುಗಳನ್ನು ಸೇರಿಸಲು ದಾರಿಯಿರುವುದಿಲ್ಲ.

ಹೊರಗಿನ ರಬ್ಬರನ್ನು ಸುಲಿದಾಗ ಕಾಣುವುದು ಕೆಂಪು, ಹಸುರು ಅಥವಾ ನೀಲಿ, ಹಾಗೂ ತಾಮ್ರವರ್ಣದ ಎಳೆಗಳ ಗುಚ್ಛಗಳು. ಕೆಂಪು ಬಲಕ್ಕೆ, ಹಸುರು ಅಥವಾ ನೀಲಿ ಎಡಕ್ಕೆ, ತಾಮ್ರವರ್ಣವು ಗ್ರೌಂಡಿಗೆ ಎಂಬುದು ವಾಡಿಕೆಯೇ ಹೊರತು ಶಾಸನವಲ್ಲ. ಮೀಟರಿನಿಂದ ಪರೀಕ್ಷಿಸದೆ ಬಣ್ಣವನ್ನು ನಂಬಲಾಗದು. ಇಲ್ಲಿಯೇ ಅನನುಭವಿಗಳು ಸೋಲುವ ಸ್ಥಳವಿದೆ. ಆ ಬಣ್ಣವು ಎಳೆಗಳ ಮೇಲಿರುವ ಎನಾಮೆಲ್ ಲೇಪ, ಅದು ವಿದ್ಯುನ್ನಿರೋಧಕ. ಬರಿಯ ತಾಮ್ರದಂತೆ ಹೊಳೆಯುವ ಎಳೆಗಳಿಗೂ ಹಲವೇಳೆ ಬಣ್ಣವಿಲ್ಲದ ಲೇಪವಿರುತ್ತದೆ. ಎಳೆಗಳನ್ನು ಹೊಸೆದು ಟೇಪು ಸುತ್ತಿದವರ ಹೆಡ್‌ಫೋನು ಮೌನವಾಗಿಯೇ ಉಳಿಯುವುದು ಈ ಲೇಪವನ್ನು ತೆಗೆಯದಿರುವುದರಿಂದಲೇ. ಗುಚ್ಛದ ನಡುವೆ ಗಟ್ಟಿತನಕ್ಕಾಗಿ ಸೇರಿಸಿರುವ ನಾರಿನ ದಾರಗಳನ್ನು ಬಿಡಿಸಿ ಕತ್ತರಿಸಿ, ಕಾದ ಐರನ್ನಿನ ತುದಿಯಲ್ಲಿ ಬೆಸುಗೆಯ ಒಂದು ದೊಡ್ಡ ಹನಿಯನ್ನು ಕರಗಿಸಿ ನಿಲ್ಲಿಸಿ, ಅದರೊಳಗೆ ಎಳೆಗಳ ತುದಿಯನ್ನು ಕೆಲವು ಕ್ಷಣ ಅದ್ದಿ ಹಿಡಿದರೆ ಲೇಪವು ಹೊಗೆಯಾಡಿ ಸುಟ್ಟು, ಬೆಳ್ಳಿಯ ಬಣ್ಣದ ಬೆಸುಗೆಯು ತಾಮ್ರಕ್ಕೆ ಹತ್ತಿಕೊಳ್ಳುತ್ತದೆ. ತುದಿಯು ಬೆಳ್ಳಗಾಗುವ ತನಕ ಮುಂದಿನ ಹೆಜ್ಜೆಯಿಡಬಾರದು. ಆ ಹೊಗೆಯನ್ನು ಸೇವಿಸದಂತೆ ಕಿಟಕಿಯ ಬಳಿ ಕುಳಿತು ಕೆಲಸ ಮಾಡಬೇಕು. ಸಾಮಾನ್ಯ ಬೆಸುಗೆಯಲ್ಲಿ ಸೀಸವಿರುವುದರಿಂದ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಇನ್ನು ಪಿನ್ನಿನ ಕಾಲುಗಳ ಮೇಲೆಯೂ ಸ್ವಲ್ಪ ಬೆಸುಗೆಯನ್ನು ಮೊದಲೇ ಹಚ್ಚಿಟ್ಟು, ಎಳೆಯನ್ನು ಅದರ ಮೇಲಿಟ್ಟು ಐರನ್ನನ್ನು ಒಂದೆರಡು ಸೆಕೆಂಡು ತಾಗಿಸಿ ತೆಗೆಯುವುದು. ಹೆಚ್ಚು ಹೊತ್ತು ಒತ್ತಿದರೆ ಪಿನ್ನಿನ ಭಾಗಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ಕು ಕರಗಿ ಅವು ಒಂದಕ್ಕೊಂದು ತಾಗಿಬಿಡುತ್ತವೆ. ಪಿನ್ನಿನ ಬಾಲದಲ್ಲಿರುವ ಲೋಹದ ತೋಳುಗಳನ್ನು ತಂತಿಯ ರಬ್ಬರಿನ ಮೇಲೆ ಮಡಿಸಿ ಒತ್ತಬೇಕು, ಎಳೆತದ ಭಾರವು ಬೆಸುಗೆಯ ಮೇಲೆ ಬೀಳದಿರಲೆಂದು. ಈ ಕೊನೆಯ ಕೆಲಸವನ್ನು ಉಪೇಕ್ಷಿಸಿದ ದುರಸ್ತಿಯು ಹೆಚ್ಚು ಕಾಲ ಬಾಳದು.

ಕವಚವನ್ನು ಬಿಗಿಯುವುದಕ್ಕೆ ಮೊದಲು ಮತ್ತೊಮ್ಮೆ ಆಲಿಸಬೇಕು. ಎಡವು ಎಡಕ್ಕೂ ಬಲವು ಬಲಕ್ಕೂ ಬರುತ್ತಿವೆಯೆ? ಕಂಠವು ಎರಡು ಕಿವಿಗಳ ನಡುವೆ, ತಲೆಯ ಮಧ್ಯದಲ್ಲಿ ನೆಲೆಗೊಂಡಿದೆಯೆ? ಕಿವಿಬಟ್ಟಲಿನೊಳಗೆ ಬೆಸುಗೆ ಹಾಕಿದ್ದರೆ, ಒಂದು ಬದಿಯ ಡ್ರೈವರಿನ ಎರಡು ತಂತಿಗಳು ಅದಲುಬದಲಾಗಿರುವ ಸಂಭವವೂ ಉಂಟು. ಆಗ ಒಂದು ಪೊರೆಯು ಮುಂದಕ್ಕೆ ಸರಿಯುವಾಗ ಮತ್ತೊಂದು ಹಿಂದಕ್ಕೆ ಸರಿದು, ಧ್ವನಿಯು ಎರಡೂ ಕಡೆ ಬರುತ್ತಿದ್ದರೂ ಮಂದ್ರಸ್ವರಗಳು ಸೊರಗಿ, ಕಂಠವು ಎಲ್ಲಿಯೂ ನಿಲ್ಲದೆ ಚದರಿದಂತಾಗುತ್ತದೆ. ಆ ಬದಿಯ ಎರಡು ತಂತಿಗಳನ್ನು ಅದಲುಬದಲಿಸಿದೊಡನೆ ಧ್ವನಿಯು ಒಗ್ಗೂಡುತ್ತದೆ.

ಕಿವಿಮೆತ್ತೆಗಳ ಕೃತಕ ಚರ್ಮವು ನಮ್ಮ ತೇವದ ಹವೆಯಲ್ಲಿಯೂ ಬೆವರಿನಲ್ಲಿಯೂ ಸಿಪ್ಪೆಯೇಳುವುದು ಸ್ವಾಭಾವಿಕ. ಅಳತೆಗೆ ಸರಿಯಾದ ಹೊಸ ಮೆತ್ತೆಗಳನ್ನು ಕೊಂಡು ಹಾಕುವುದು ಮಕ್ಕಳೂ ಮಾಡಬಹುದಾದ ಕೆಲಸ. ಮೆತ್ತೆ ಹರಿದ ಹೆಡ್‌ಫೋನಿನಲ್ಲಿ ಮಂದ್ರವು ಸೋರಿಹೋಗುವುದರಿಂದ, ಧ್ವನಿ ಬಡವಾಯಿತೆಂದು ದೂರುವವರು ಮೊದಲು ಮೆತ್ತೆಯನ್ನು ನೋಡಬೇಕು. ಬಿರಿದ ತಲೆಪಟ್ಟಿಗೆ ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಅಂಟು ಸಾಕಾಗುತ್ತದೆ.

ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳ ವಿಷಯವು ಬೇರೆ. ಅಲ್ಲಿ ನನ್ನ ಸಲಹೆಯು ಬಿಚ್ಚಬೇಡಿರೆಂಬ ಕಡೆಗೇ ವಾಲುತ್ತದೆ. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಜೋಡಿಯಲ್ಲಿ ಒಂದು ಗುಂಡು ಮಾತ್ರ ಮೂಕವಾಗಿದ್ದರೆ, ಚಾರ್ಜು ಮಾಡುವ ಪೆಟ್ಟಿಗೆಯಲ್ಲಿ ಅದು ಕೂಡುವ ಲೋಹದ ಬಿಂದುಗಳನ್ನು ಒರೆಸಿ, ಫೋನಿನ ಪಟ್ಟಿಯಿಂದ ಆ ಸಾಧನದ ಹೆಸರನ್ನು ಅಳಿಸಿ, ತಯಾರಕರು ಹೇಳಿದ ಕ್ರಮದಲ್ಲಿ ರೀಸೆಟ್ ಮಾಡಿ ಪುನಃ ಜೋಡಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಬ್ಯಾಟರಿಯ ಆಯುಸ್ಸು ತೀರಿರುವ ಸಂಭವವೇ ಹೆಚ್ಚು. ತಲೆಯ ಮೇಲೆ ಧರಿಸುವ ದೊಡ್ಡ ಜಾತಿಯಲ್ಲಿ ೩.೭ ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಬೆಸುಗೆಯಲ್ಲಿ ಪಳಗಿದ ಕೈಗಳು ಬದಲಾಯಿಸಬಹುದು. ಕಿವಿಯೊಳಗಿನ ಸಣ್ಣ ಗುಂಡುಗಳಾದರೋ ಅಂಟಿನಿಂದ ಮುಚ್ಚಲ್ಪಟ್ಟಿದ್ದು, ತೆರೆಯುವ ಪ್ರಯತ್ನದಲ್ಲಿಯೇ ನಾಶವಾಗುತ್ತವೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಚಾರ್ಜಿಗೆ ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಅದನ್ನು ಮನೆಯ ಕಸದೊಡನೆ ಬೆರೆಸದೆ ಇ-ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ತೆರೆಯಲಾಗದಂತೆ ಮುಚ್ಚಿ ಮಾರುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. ಕೊಂಡವನಿಗೆ ತನ್ನ ವಸ್ತುವನ್ನು ಸರಿಪಡಿಸಿಕೊಳ್ಳುವ ಅಧಿಕಾರವಿರಬೇಕೆಂಬ ವಿಚಾರವು ಈಗ ಅನೇಕ ದೇಶಗಳಲ್ಲಿ ಬಲಗೊಂಡಿದೆ. ೨೦೨೨ರಲ್ಲಿ ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ದುರಸ್ತಿಯ ಹಕ್ಕಿಗೆ ಒಂದು ಚೌಕಟ್ಟನ್ನು ರೂಪಿಸಲು ಸಮಿತಿಯನ್ನು ನೇಮಿಸಿ, ಕೃಷಿ ಯಂತ್ರಗಳು, ಮೊಬೈಲು ಫೋನುಗಳು, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ಕ್ಷೇತ್ರಗಳನ್ನು ಗುರುತಿಸಿತು. ಕಿವಿಗೆ ಸಿಕ್ಕಿಸುವ ಈ ಸಣ್ಣ ವಸ್ತುಗಳಿಗೂ ಆ ನ್ಯಾಯವು ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಷ್ಟರವರೆಗೆ ಹೊಸದನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಕೆಲವನ್ನು ನೋಡಿಕೊಳ್ಳಬಹುದು: ತಂತಿಯು ಕಿವಿಬಟ್ಟಲಿನಿಂದ ಕಳಚಿ ಬೇರೆಯದನ್ನು ಹಾಕುವಂತಿದೆಯೆ, ಮೆತ್ತೆಯು ಎಳೆದರೆ ಬಿಡಿಸಿಕೊಳ್ಳುತ್ತದೆಯೆ, ಬಟ್ಟಲನ್ನು ಅಂಟಿನಿಂದಲ್ಲದೆ ಸ್ಕ್ರೂಗಳಿಂದ ಜೋಡಿಸಿದ್ದಾರೆಯೆ, ಪಿನ್ನಿನ ಕೊರಳಿಗೆ ಬಾಗುವ ಉದ್ದನೆಯ ರಬ್ಬರಿನ ಆಸರೆಯಿದೆಯೆ. ತಂತಿಯು ಕಳಚುವಂತಿದ್ದರೆ, ಮೇಲೆ ಹೇಳಿದ ಬೆಸುಗೆಯ ಕೆಲಸದ ಬಹುಭಾಗವು ಒಂದು ಹೊಸ ತಂತಿಯನ್ನು ಕೊಂಡು ಸಿಕ್ಕಿಸುವುದರಲ್ಲಿಯೇ ಮುಗಿಯುತ್ತದೆ.